ಲಿವರ್ ರೋಗಿಗೆ ಮಲ ನಿಂತಿದೆ, ಹೊಟ್ಟೆ ಬಿಗಿದಿದೆ: ಲ್ಯಾಕ್ಟುಲೋಸ್ ಹೆಚ್ಚಿಸಬಹುದೇ?

ಮುಳಬಾಗಿಲಿನ ಸೊಸೆ

ನಮಸ್ಕಾರ. ನಮ್ಮ ಮಾವನವರಿಗೆ ಹೆಪಟೈಟಿಸ್ ಬಿ ಸೋಂಕಿನಿಂದ ಲಿವರ್ ಸಿರೋಸಿಸ್ ಆಗಿದೆ, ಎಂದರೆ ಲಿವರ್ ಗಾಯವಾಗಿ ಗಂಟುಗಟ್ಟಿದೆ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಕಳೆದ ವಾರ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದು ಮನೆಗೆ ಕಳುಹಿಸಿದರು. ಮೂತ್ರ ಹೆಚ್ಚಿಸಿ ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್, ಫ್ರೂಸೆಮೈಡ್ ಮಾತ್ರೆಗಳ ಜೊತೆಗೆ ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗಲೇಬೇಕು, ಇಲ್ಲದಿದ್ದರೆ ಮಂಪರು ಕವಿಯುತ್ತದೆ ಎಂದು ಸಿಸ್ಟರ್ ಒತ್ತಿ ಹೇಳಿದ್ದರು. ನಿನ್ನೆ ಬೆಳಿಗ್ಗೆಯಿಂದ ಒಂದು ಸಲವೂ ಹೋಗಿಲ್ಲ. ಹೊಟ್ಟೆ ಬಿಗಿದುಕೊಂಡಿದೆ, ಊಟ ಬೇಡ ಎನ್ನುತ್ತಿದ್ದಾರೆ. ಸಿರಪ್ 30 ಎಂ.ಎಲ್. ಕೊಡುತ್ತಿದ್ದೇನೆ. ಅದನ್ನು 60ಕ್ಕೆ ಏರಿಸಬಹುದೇ? ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಕುಡಿಸು ಎನ್ನುತ್ತಾರೆ. ಯಜಮಾನರು ಟೊಮೆಟೊ ಲೋಡಿನ ಜೊತೆ ಹೋಗಿದ್ದಾರೆ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಹಳೆಯ ಶುಶ್ರೂಷಕಿ, ಕೋಲಾರ

ಸಿರಪ್ ಏರಿಸಬೇಡಮ್ಮ. ಹರಳೆಣ್ಣೆಯ ಸೀಸೆಯನ್ನು ಎತ್ತಿಡು. ಮೊದಲು ಇಷ್ಟಕ್ಕೆ ಉತ್ತರ ಹೇಳು. ವಾಯು ಹೋಗುತ್ತಿದೆಯೇ? ಮಲಕ್ಕಿಂತ ನನಗೆ ಈ ಗಳಿಗೆಯಲ್ಲಿ ಅದು ಮುಖ್ಯ, ಸಂಕೋಚಪಡದೆ ಮಾವನವರನ್ನು ಕೇಳು. ನಿನಗೆ ಆಗದಿದ್ದರೆ ಅತ್ತೆಯವರಿಂದ ಕೇಳಿಸು. ವಾಂತಿ ಆಗಿದೆಯೇ? ಆಗಿದ್ದರೆ ಬಣ್ಣವೇನು? ನೋವು ಬಿಟ್ಟು ಬಿಟ್ಟು ಹಿಂಡುತ್ತಿದೆಯೇ, ಒಂದೇ ಸಮನೆ ಇದೆಯೇ? ಹೊಕ್ಕುಳಿನ ಬಳಿ ಅಥವಾ ತೊಡೆಸಂದಿನಲ್ಲಿ ಗಂಟು ಕಾಣುತ್ತದೆಯೇ? ಬೆಳಿಗ್ಗೆಯಿಂದ ಮೂತ್ರ ಎಷ್ಟು ಹೋಗಿದೆ? ಜ್ವರ ಇದೆಯೇ? ಮಾತು ಸರಿಯಾಗಿದೆಯೇ?

ಔಷಧ ಅಂಗಡಿ, ಚಿಂತಾಮಣಿ

ಸಿಸ್ಟರ್ ಅಮ್ಮ ಹೇಳಿದ್ದಕ್ಕೆ ಕಾರಣ ಬರೆಯುತ್ತೇನೆ, ಇದೇ ಪ್ರಶ್ನೆ ಅಂಗಡಿಗೂ ಬರುತ್ತದೆ. ಲ್ಯಾಕ್ಟುಲೋಸ್ ಒಂದು ಬಗೆಯ ಸಕ್ಕರೆ. ಸಣ್ಣ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಹುಳಿ ಮಾಡುತ್ತವೆ, ಆಗ ಮಂಪರು ತರುವ ಅಮೋನಿಯಾ ರಕ್ತ ಸೇರದೆ ಮಲದೊಂದಿಗೆ ಹೊರಬೀಳುತ್ತದೆ. ಈ ಕೆಲಸದಲ್ಲಿ ಅದು ಕರುಳಿನೊಳಕ್ಕೆ ನೀರನ್ನು ಎಳೆಯುತ್ತದೆ, ವಾಯುವನ್ನೂ ಹುಟ್ಟಿಸುತ್ತದೆ. ದಾರಿ ತೆರೆದಿರುವಾಗ ಇದರಿಂದ ಲಾಭ. ಕರುಳು ಎಲ್ಲೋ ಮುಚ್ಚಿಕೊಂಡಿದ್ದರೆ, ಮುಚ್ಚಿದ ಕಡೆಯ ಹಿಂದೆ ನೀರು, ವಾಯು ಎರಡೂ ಸೇರಿ ಉಬ್ಬರ ಹೆಚ್ಚುತ್ತದೆ. ಕರುಳಿನ ಅಡಚಣೆ ಇರುವವರಿಗೆ ಕೊಡಬಾರದು ಎಂದು ಸಿರಪ್ಪಿನ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ, ಅಕ್ಷರ ಮಾತ್ರ ಇರುವೆಯಷ್ಟು. ಹರಳೆಣ್ಣೆಯಂತೂ ಕರುಳನ್ನು ಹಿಂಡಿಸುವ ವಸ್ತು. ಮುಚ್ಚಿದ ಕರುಳನ್ನು ಹಿಂಡಿಸಿದರೆ ಅದು ಒಡೆಯುವ ಅಪಾಯವಿದೆ.

ಮುಳಬಾಗಿಲಿನ ಸೊಸೆ

ಕೇಳಿದೆ. ನಿನ್ನೆ ಸಂಜೆಯಿಂದ ವಾಯುವೂ ಹೋಗಿಲ್ಲವಂತೆ. ರಾತ್ರಿ ವಾಂತಿಯಾಯಿತು, ಹಸಿರು ಬಣ್ಣವಿತ್ತು, ಕಹಿ ಎಂದರು. ಹೊಕ್ಕುಳಲ್ಲಿ ಗಂಟು ಮೊದಲಿನಿಂದಲೂ ಇತ್ತು, ನಿಂಬೆಹಣ್ಣಿನ ಗಾತ್ರ, ಮಲಗಿದರೆ ಒಳಗೆ ಹೋಗುತ್ತಿತ್ತು. ಈಗ ಮಲಗಿದರೂ ಹೋಗುತ್ತಿಲ್ಲ. ಗಟ್ಟಿಯಾಗಿದೆ, ಮುಟ್ಟಿದರೆ ಕೂಗುತ್ತಾರೆ, ಚರ್ಮ ಕೆಂಪಾಗಿದೆ. ಮೂತ್ರ ಬೆಳಿಗ್ಗೆ ಒಮ್ಮೆ, ಸ್ವಲ್ಪ.

ಹಳೆಯ ಶುಶ್ರೂಷಕಿ, ಕೋಲಾರ

108ಕ್ಕೆ ಕರೆ ಮಾಡು, ಈಗಲೇ. ಇದು ಹರ್ನಿಯಾ, ಎಂದರೆ ಹೊಟ್ಟೆಯ ಗೋಡೆಯ ಸಂದಿನಿಂದ ಹೊರಕ್ಕೆ ಬಂದ ಉಬ್ಬು. ಅದರೊಳಗೆ ಕರುಳು ಸಿಕ್ಕಿಕೊಂಡಿರುವಂತಿದೆ. ಗಂಟನ್ನು ಒತ್ತಿ ಒಳಗೆ ತಳ್ಳಲು ಹೋಗಬೇಡ, ಬಿಸಿ ಶಾಖ ಕೊಡಬೇಡ. ಬಾಯಿಗೆ ನೀರು ಸಹ ಬೇಡ, ಬೆಳಗಿನ ಮಾತ್ರೆಗಳೂ ಬೇಡ. ವಾಂತಿ ಬಂದರೆ ಎಡ ಮಗ್ಗುಲಿಗೆ ತಿರುಗಿಸು. ಹಳೆಯ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಎಂಡೋಸ್ಕೋಪಿ ವರದಿ, ಮಾತ್ರೆಗಳ ಹಾಳೆ, ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಇವಿಷ್ಟನ್ನು ಒಂದು ಚೀಲಕ್ಕೆ ಹಾಕಿಕೋ.

ತುರ್ತು ವಿಭಾಗದಲ್ಲಿ "ಹೊಟ್ಟೆ ನೋವು" ಎಂದು ಮಾತ್ರ ಹೇಳಿ ಸುಮ್ಮನಾಗಬೇಡ. ಹೀಗೆ ಹೇಳು: "ಸಿರೋಸಿಸ್ ರೋಗಿ, ಕಳೆದ ವಾರ ಹೊಟ್ಟೆಯ ನೀರು ತೆಗೆದಿದ್ದಾರೆ, ಹೊಕ್ಕುಳಿನ ಹರ್ನಿಯಾ ಒಳಗೆ ಹೋಗುತ್ತಿಲ್ಲ, ಹಸಿರು ವಾಂತಿ, ನಿನ್ನೆ ಸಂಜೆಯಿಂದ ವಾಯು ಇಲ್ಲ." ಅಷ್ಟು ಕೇಳಿದ ಮೇಲೆ ಯಾರೂ ನಿನ್ನನ್ನು ಬೆಂಚಿನ ಮೇಲೆ ಕೂರಿಸುವುದಿಲ್ಲ. ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೇ ಕರೆದೊಯ್ಯಿರಿ ಎಂದು ಆಂಬುಲೆನ್ಸಿನವರಿಗೆ ಮೊದಲೇ ಹೇಳು.

ಗುಡಿಬಂಡೆ ಮೇಷ್ಟ್ರು

ಅವರ ಕುಟುಂಬಕ್ಕೆ ಒಳ್ಳೆಯದಾಗಲಿ. ನನಗೊಂದು ಸಂದೇಹ. ಹೊಟ್ಟೆಯ ನೀರು ತೆಗೆದರೆ ಗಂಟು ಸಡಿಲವಾಗಬೇಕಲ್ಲವೇ? ತೆಗೆದ ಮೇಲೆ ಸಿಕ್ಕಿಕೊಂಡಿತು ಎಂದರೆ ಹೇಗೆ?

ರಾತ್ರಿ ಪಾಳಿ, ತುಮಕೂರು

ನಾನು ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಶುಶ್ರೂಷಕ. ಸಂದೇಹ ಸರಿಯಾಗಿದೆ ಸರ್, ನಮಗೂ ಓದುವಾಗ ಹಾಗೆಯೇ ಅನ್ನಿಸಿತ್ತು. ನೀರಿನ ಒತ್ತಡಕ್ಕೆ ಹೊಕ್ಕುಳಿನ ದ್ವಾರ ಅಗಲವಾಗಿ ತೆರೆದುಕೊಂಡಿರುತ್ತದೆ, ಚೀಲದಲ್ಲಿ ಹೆಚ್ಚಾಗಿ ನೀರೇ ಇರುತ್ತದೆ, ಕರುಳು ಸಲೀಸಾಗಿ ಬಂದು ಹೋಗುತ್ತಿರುತ್ತದೆ. ನೀರು ಒಮ್ಮೆಗೇ ಇಳಿದಾಗ ಒತ್ತಡ ಕಡಿಮೆಯಾಗಿ ದ್ವಾರ ಕಿರಿದಾಗುತ್ತದೆ. ಆ ಹೊತ್ತಿಗೆ ಒಂದು ಮಡಿಕೆ ಕರುಳು ಹೊರಗೇ ಇದ್ದರೆ ಸಿಕ್ಕಿಬೀಳುತ್ತದೆ. ಸಿರೋಸಿಸ್ಸಿನಲ್ಲಿ ಹೊಟ್ಟೆಯ ನೀರು ಇರುವವರಲ್ಲಿ ಸುಮಾರು ಐದಕ್ಕೆ ಒಬ್ಬರಿಗೆ ಹೊಕ್ಕುಳಿನ ಹರ್ನಿಯಾ ಇರುತ್ತದೆ. ಅವರಲ್ಲಿ ಎಲ್ಲರಿಗೂ ಹೀಗೆ ಆಗುವುದಿಲ್ಲ. ಆದರೂ ನೀರು ತೆಗೆದು ಮನೆಗೆ ಕಳುಹಿಸುವಾಗ "ಗಂಟನ್ನು ದಿನಾ ನೋಡಿಕೊಳ್ಳಿ" ಎಂಬ ಮಾತು ಚೀಟಿಯಲ್ಲಿ ಬರಬೇಕು. ಉಪ್ಪು ಬೇಡ, ಖಾರ ಬೇಡ ಎಂದು ಬರೆಯುವವರು ಇದನ್ನು ಬರೆಯುವುದಿಲ್ಲ. ಅಂದ ಹಾಗೆ, ಖಾರಕ್ಕೂ ಲಿವರಿಗೂ ಸಂಬಂಧವೇ ಇಲ್ಲ.

ಶಿಡ್ಲಘಟ್ಟದ ಮಗಳು

ನಮ್ಮ ತಾಯಿಗೆ ಲಿವರ್ ತೊಂದರೆ ಏನೂ ಇರಲಿಲ್ಲ. ಗರ್ಭಕೋಶ ತೆಗೆದ ಎಷ್ಟೋ ವರ್ಷಗಳ ಮೇಲೆ ಕರುಳು ಅಂಟಿಕೊಂಡು ಅಡಚಣೆಯಾಯಿತು. ಅಲ್ಲಿ ಹರ್ನಿಯಾ ಇರಲಿಲ್ಲ. ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ, ಮೂಗಿನಿಂದ ಟ್ಯೂಬ್ ಹಾಕಿ, ಡ್ರಿಪ್ ಕೊಟ್ಟು, ಬಾಯಿಗೆ ಏನೂ ಕೊಡದೆ ಕಾದರು, ತಾನಾಗಿ ಬಿಟ್ಟಿತು. ಆ ಟ್ಯೂಬಿನ ವಿಷಯ ಹೇಳಲೇಬೇಕು. ನಮ್ಮ ಕಡೆಯವರೆಲ್ಲ ಅದು ಊಟ ಹಾಕುವ ಟ್ಯೂಬ್ ಎಂದುಕೊಂಡಿದ್ದರು. ದೊಡ್ಡಪ್ಪನವರು ಊರಿನಿಂದ ರಾಗಿ ಗಂಜಿ ಸೋಸಿಕೊಂಡು ತಂದು, ಇದನ್ನು ಟ್ಯೂಬಿಗೆ ಬಿಡಿ ಎಂದು ಸಿಸ್ಟರ್ ಜೊತೆ ಜಗಳಕ್ಕೇ ನಿಂತರು.

ರಾತ್ರಿ ಪಾಳಿ, ತುಮಕೂರು

ಅಕ್ಕ, ನಿಮ್ಮ ದೊಡ್ಡಪ್ಪ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಟ್ಯೂಬ್ ಅದೇ, ಕೆಲಸ ಬೇರೆ. ಇದನ್ನು ರೈಲ್ಸ್ ಟ್ಯೂಬ್ ಎನ್ನುತ್ತೇವೆ. ನುಂಗಲಾಗದವರಿಗೆ ಅದರಿಂದ ಆಹಾರ ಒಳಗೆ ಹೋಗುತ್ತದೆ. ಕರುಳು ಮುಚ್ಚಿದವರಲ್ಲಿ ಹೊಟ್ಟೆಯಲ್ಲಿ ತುಂಬಿದ ರಸ, ಪಿತ್ತ, ವಾಯು ಅದರಿಂದ ಹೊರಗೆ ಬರುತ್ತದೆ. ಅದಕ್ಕೇ ತುದಿಗೆ ಚೀಲ ಕಟ್ಟಿ ಹಾಸಿಗೆಗಿಂತ ಕೆಳಗೆ ತೂಗುಬಿಡುತ್ತೇವೆ. ಚೀಲವನ್ನು ದಿಂಬಿನ ಪಕ್ಕ ಇಟ್ಟರೆ ಹರಿಯುವುದಿಲ್ಲ, ರೋಗಿ ವಾಂತಿ ಮಾಡಿಕೊಳ್ಳುತ್ತಾರೆ, ವಾಂತಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ರೋಗಿಯ ಕಡೆಯವರು ಮಾಡಬೇಕಾದದ್ದು ದೊಡ್ಡದೇನಲ್ಲ. ಮೂಗಿನ ಬಳಿ ಟ್ಯೂಬಿನ ಮೇಲೆ ನಾವು ಹಾಕಿದ ಗುರುತು ಸರಿದಿದ್ದರೆ ಕರೆಯಿರಿ. ಪ್ಲಾಸ್ಟರ್ ಬೆವರಿಗೆ ಬಿಟ್ಟರೆ ಕರೆಯಿರಿ. ತಲೆಯ ಕಡೆ ಎತ್ತರವಿರಲಿ. ಚೀಲ ಖಾಲಿ ಮಾಡುವ ಮುನ್ನ ನಮಗೆ ತೋರಿಸಿ, ಅದನ್ನು ಅಳೆಯಬೇಕು. ಹೊರಗೆ ಹೋದಷ್ಟನ್ನೂ ಲೆಕ್ಕ ಹಿಡಿದು ಡ್ರಿಪ್ಪಿನಲ್ಲಿ ತುಂಬಿಕೊಡುತ್ತಾರೆ. ಹಸಿರು ಇದ್ದದ್ದು ಕಂದು ಬಣ್ಣವಾಗಿ ಮಲದ ವಾಸನೆ ಬಂದರೆ, ಕಾಫಿ ಗಸಿಯಂತೆ ಕಂಡರೆ, ಕೆಂಪು ಕಂಡರೆ ಓಡಿ ಬನ್ನಿ.

ದೊಡ್ಡ ತಲೆನೋವು ಕದ್ದು ನೀರು ಕೊಡುವುದು. ಬಾಯಿ ಒಣಗಿ ಒದ್ದಾಡುವ ತಂದೆಯನ್ನು ನೋಡಲಾಗದೆ ಮಗ ಎರಡು ಗುಟುಕು ಎಳನೀರು ಕೊಡುತ್ತಾನೆ. ಅದು ನೇರ ಚೀಲಕ್ಕೆ ಬರುತ್ತದೆ, ನಮ್ಮ ಲೆಕ್ಕದಲ್ಲಿ "ಇನ್ನೂ ತುಂಬಾ ಬರುತ್ತಿದೆ, ಕರುಳು ಬಿಟ್ಟಿಲ್ಲ" ಎಂದಾಗುತ್ತದೆ. ಬಾಯಿ ಒಣಗಿದರೆ ಒದ್ದೆ ಹತ್ತಿಬಟ್ಟೆಯಿಂದ ನಾಲಿಗೆ, ವಸಡು ಒರೆಸಿ, ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಮುಕ್ಕಳಿಸಿ ಉಗುಳಿಸಿ. ಅದನ್ನು ಗಂಟೆಗೊಮ್ಮೆ ಮಾಡಿದರೆ ರೋಗಿ ಅರ್ಧ ಗೆದ್ದಂತೆ. ಮೂವತ್ತು ಹಾಸಿಗೆಗೆ ಇಬ್ಬರೇ ಇರುವ ರಾತ್ರಿ ಗಂಟೆಗೊಮ್ಮೆ ನಮ್ಮಿಂದ ಆಗುವುದಿಲ್ಲ, ನಿಜ ಹೇಳುತ್ತೇನೆ.

ಮುಳಬಾಗಿಲಿನ ಸೊಸೆ

ಎಲ್ಲರಿಗೂ ವಂದನೆ. ಆಪರೇಷನ್ ಆಯಿತು. ಸಿಕ್ಕಿಕೊಂಡ ಕರುಳು ಊದಿಕೊಂಡಿತ್ತು, ಕಪ್ಪಾಗಿರಲಿಲ್ಲವಂತೆ, ಕತ್ತರಿಸುವ ಅಗತ್ಯ ಬರಲಿಲ್ಲ. ಹೊಕ್ಕುಳಿನ ದ್ವಾರವನ್ನು ಹೊಲಿದಿದ್ದಾರೆ. ಈಗ ವಾರ್ಡಿನಲ್ಲಿದ್ದಾರೆ, ಮೂಗಿನ ಟ್ಯೂಬ್ ಇದೆ, ಮೂತ್ರದ ಟ್ಯೂಬ್ ಇದೆ. ಯಜಮಾನರು ಬಂದಿದ್ದಾರೆ. ರಾತ್ರಿ ನಾನು, ಹಗಲು ಅವರು. ಮಾವನವರಿಗೆ ರಾತ್ರಿ ನಿದ್ರೆಯೇ ಇಲ್ಲ, ಹಗಲು ಮಾತ್ರ ತೂಕಡಿಸುತ್ತಾರೆ. ಪಕ್ಕದ ಹಾಸಿಗೆಯವರು ಒಂದು ನಿದ್ರೆ ಮಾತ್ರೆ ಕೇಳಿ ಎಂದರು.

ಹಳೆಯ ಶುಶ್ರೂಷಕಿ, ಕೋಲಾರ

ಕರುಳು ಉಳಿದದ್ದು ದೊಡ್ಡ ಸುದ್ದಿ. ಈಗ ಎರಡನೆಯ ಪಾಠ ಕೇಳು. ಹಗಲು ನಿದ್ರೆ, ರಾತ್ರಿ ಎಚ್ಚರ ಎಂದರೆ ಲಿವರ್ ರೋಗಿಯಲ್ಲಿ ಅದು ಮಿದುಳಿಗೆ ಮಂಪರು ಕವಿಯುತ್ತಿರುವ ಮೊದಲ ಗುರುತು ಇರಬಹುದು. ನಿದ್ರೆ ಮಾತ್ರೆ ಕೇಳಲೇಬೇಡ. ಅದು ಮಂಪರನ್ನು ಗಾಢ ಮಾಡುತ್ತದೆ, ಜೊತೆಗೆ ಯಾವುದು ಮಾತ್ರೆಯಿಂದ, ಯಾವುದು ಕಾಯಿಲೆಯಿಂದ ಎಂದು ತಿಳಿಯದಂತೆಯೂ ಮಾಡುತ್ತದೆ. ಡ್ಯೂಟಿ ಸಿಸ್ಟರಿಗೆ ಈ ನಿದ್ರೆಯ ವಿಷಯವನ್ನು ಇವತ್ತೇ ಹೇಳು.

ಎರಡೂ ಕೈ ಮುಂದೆ ಚಾಚಿಸಿ, ಮಣಿಕಟ್ಟಿನಿಂದ ಅಂಗೈಯನ್ನು ಹಿಂದಕ್ಕೆ ಬಾಗಿಸಿ, ಬೆರಳು ಅಗಲಿಸಲು ಹೇಳು. ಕೈ ಪದೇ ಪದೇ ಜಾರಿ ಬಿದ್ದು ಏಳುತ್ತಿದ್ದರೆ ತಿಳಿಸು. ದಿನಾ ಒಂದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸು. ಸಹಿ ಅಂಕುಡೊಂಕಾಗುವುದು ಮಾತು ತೊದಲುವುದಕ್ಕಿಂತ ಮೊದಲೇ ಕಾಣುತ್ತದೆ.

ಇನ್ನೊಂದು, ನಮ್ಮ ಕಡೆಯದೇ ವಿಷಯ. ಮನೆಯಲ್ಲಿ ನೀವು ತೆಲುಗು ಮಾತನಾಡುವವರಾದರೆ ಮಾವನವರನ್ನು ತೆಲುಗಿನಲ್ಲೇ ಪ್ರಶ್ನೆ ಕೇಳು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಹಿರಿಯರನ್ನು ಎಳೆಯ ಡಾಕ್ಟರು "ಇವತ್ತು ಯಾವ ವಾರ" ಎಂದು ಅವಸರದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿ, ಉತ್ತರ ತಡವಾದರೆ ಗೊಂದಲ ಎಂದು ಬರೆಯುವುದನ್ನು ನೋಡಿದ್ದೇನೆ. ಅದರ ವಿರುದ್ಧವೂ ಆಗುತ್ತದೆ, ನಗುತ್ತಾ ತಲೆಯಾಡಿಸುವ ರೋಗಿಯನ್ನು ಸರಿಯಿದ್ದಾರೆ ಎಂದು ಬಿಟ್ಟುಬಿಡುತ್ತಾರೆ. ನೀನು ಪಕ್ಕದಲ್ಲಿ ನಿಂತು ಕೇಳು. ಟೊಮೆಟೊ ಬಾಕ್ಸಿಗೆ ಈಗ ಮಂಡಿಯಲ್ಲಿ ಎಷ್ಟು ಬೆಲೆ ಎಂದು ಕೇಳು. ಬೆಳೆಗಾರರು ಅದನ್ನು ಮರೆತರೆ ನಾನು ಹೆದರುತ್ತೇನೆ.

ರಾತ್ರಿ ಪಾಳಿ, ತುಮಕೂರು

ಮಂಪರಿಗೆ ಇನ್ನೂ ಕಾರಣಗಳಿವೆ ಎಂದು ಸೇರಿಸುತ್ತೇನೆ. ಬಾಯಿಗೆ ಏನೂ ಇಲ್ಲದ ಲಿವರ್ ರೋಗಿಗೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆಯೇ ಕಡಿಮೆ. ಹಾಗಾಗಿ ತೊದಲಿದರೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುತ್ತೇವೆ. ವಾಂತಿಯಿಂದ ಮತ್ತು ಟ್ಯೂಬಿನ ಸೋರಿಕೆಯಿಂದ ಪೊಟ್ಯಾಸಿಯಂ ಇಳಿದಿರುತ್ತದೆ. ಅದು ಕಡಿಮೆಯಾದರೆ ಕರುಳು ಮಂಕಾಗಿ ಚಲಿಸುವುದಿಲ್ಲ, ಅಮೋನಿಯಾವೂ ಹೆಚ್ಚುತ್ತದೆ. ಸೋಂಕು, ರಕ್ತಸ್ರಾವ, ನೀರಿನಂಶ ಕಡಿಮೆಯಾಗುವುದು, ಇವೆಲ್ಲವೂ ಮಂಪರು ತರುತ್ತವೆ. ಕರುಳು ತೆರೆಯಿತೆಂದು ಖಚಿತವಾಗುವವರೆಗೆ ಲ್ಯಾಕ್ಟುಲೋಸ್ ಬಾಯಿಂದ ಕೊಡುವುದಿಲ್ಲ. ಅಗತ್ಯವಿದ್ದರೆ ಎನಿಮಾ ರೂಪದಲ್ಲಿ ಕೊಡಬಹುದೇ ಎಂಬುದನ್ನು ಶಸ್ತ್ರಚಿಕಿತ್ಸಕರು ಹೇಳಬೇಕು.

ನೋವಿಗೆ ಯಾವ ಇಂಜೆಕ್ಷನ್ ಎಂದು ಕೇಳಿಕೊಳ್ಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಸಿರೋಸಿಸ್ ರೋಗಿಯ ಮೂತ್ರಪಿಂಡವನ್ನು ಕೆಡಿಸಬಹುದು, ರಕ್ತಸ್ರಾವವನ್ನೂ ತರಬಹುದು. ಪ್ಯಾರಸಿಟಮಾಲ್ ಲಿವರಿಗೆ ವಿಷ ಎಂದು ಹೆದರುತ್ತಾರೆ, ದಿನಕ್ಕೆ 2 ಗ್ರಾಂ ಮೀರದಂತೆ ವೈದ್ಯರು ಬರೆದರೆ ಇವರಿಗೆ ಅದೇ ಹೆಚ್ಚು ಸುರಕ್ಷಿತ. ಅನ್ನನಾಳದ ಊದಿದ ರಕ್ತನಾಳಗಳಿಗೆ ಇತ್ತೀಚೆಗೆ ರಕ್ತ ಸೋರದಂತೆ ಬಿಗಿಯುವ ರಬ್ಬರ್ ಬ್ಯಾಂಡ್ ಹಾಕಿದ್ದರೆ ಟ್ಯೂಬ್ ಹಾಕುವವರಿಗೂ ತಿಳಿಸಬೇಕು, ಎಂಡೋಸ್ಕೋಪಿ ವರದಿ ತನ್ನಿ ಎಂದು ಅಮ್ಮ ಹೇಳಿದ್ದು ಅದಕ್ಕೇ ಇರಬೇಕು.

ಹಳೆಯ ಶುಶ್ರೂಷಕಿ, ಕೋಲಾರ

ಅದಕ್ಕೇ.

ಗುಡಿಬಂಡೆ ಮೇಷ್ಟ್ರು

ನಾನು ವಿರೋಧಕ್ಕಾಗಿ ಹೇಳುತ್ತಿಲ್ಲ. ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ರಸ ಕೊಡುವವರಿದ್ದಾರೆ. ನನ್ನ ಸೋದರಮಾವನಿಗೆ ಕಣ್ಣು ಅರಿಸಿನದಂತಾಗಿತ್ತು, ರಸ ಕುಡಿದು, ಉಪ್ಪು ಎಣ್ಣೆ ಬಿಟ್ಟು ಪಥ್ಯ ಮಾಡಿ ತಿಂಗಳೊಳಗೆ ಗುಣವಾದರು. ಇವರಿಗೂ ಮೊದಲೇ ಅದನ್ನು ಮಾಡಿದ್ದರೆ ಸೂಜಿ, ಆಪರೇಷನ್ ಇಷ್ಟೆಲ್ಲ ಬರುತ್ತಿತ್ತೇ?

ಹಳೆಯ ಶುಶ್ರೂಷಕಿ, ಕೋಲಾರ

ಬರುತ್ತಿತ್ತು, ಮೇಷ್ಟ್ರೇ. ನಿಮ್ಮ ಸೋದರಮಾವನಿಗೆ ಬಂದದ್ದು ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಅಥವಾ ಇ ಆಗಿದ್ದಿರಬಹುದು. ಅವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ರಸ ಕುಡಿದವರಿಗೂ ವಾಸಿಯಾಗುತ್ತದೆ, ಕುಡಿಯದವರಿಗೂ ವಾಸಿಯಾಗುತ್ತದೆ, ಹೆಸರು ಮಾತ್ರ ರಸಕ್ಕೆ. ಇವರದು ವರ್ಷಗಳಿಂದ ಗಾಯವಾಗಿ ಗಂಟುಗಟ್ಟಿದ ಲಿವರ್. ಗುಣವಾಗುವ ಕಾಮಾಲೆಗೆ ರಸ ಕೊಟ್ಟವರು ಗುಣವಾಗದ ಕಾಮಾಲೆಗೂ ಅದನ್ನೇ ಕೊಟ್ಟು, ರೋಗಿ ನಮ್ಮ ಬಳಿ ಬರುವಾಗ ಹೊತ್ತು ಮೀರಿರುತ್ತದೆ, ನನ್ನ ಸಿಟ್ಟು ಅದಕ್ಕೆ. ಎಲೆ ಎಂದ ಮಾತ್ರಕ್ಕೆ ಸಾಧು ಎನ್ನಲಾಗದು. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ.

ಪಥ್ಯದ ಮಾತಿಗೆ ಬಂದರೆ, ಉಪ್ಪಿನಲ್ಲಿ ನೀವು ಹೇಳಿದ್ದು ಅರ್ಧ ಸರಿ. ಹೊಟ್ಟೆಯಲ್ಲಿ ನೀರು ತುಂಬುವವರಿಗೆ ಉಪ್ಪು ಇಡೀ ದಿನಕ್ಕೆ ಸುಮಾರು 5 ಗ್ರಾಂ, ಒಂದು ಸಣ್ಣ ಚಮಚ. ಉಳಿದದ್ದೆಲ್ಲ ಬಿಟ್ಟು ಉಪವಾಸ ಮಾಡಿಸಿದರೆ ಮಾಂಸಖಂಡ ಕರಗುತ್ತದೆ. ಅಮೋನಿಯಾವನ್ನು ಲಿವರ್ ನಿಭಾಯಿಸದಿದ್ದಾಗ ಸ್ವಲ್ಪ ಮಟ್ಟಿಗೆ ನಿಭಾಯಿಸುವುದು ಆ ಮಾಂಸಖಂಡವೇ. ಬೇಳೆ, ಮೊಟ್ಟೆ ಬೇಡ ಎನ್ನುವುದು ಹಿಂದಿನ ಕಾಲದ ಮಾತು, ನಾನೂ ತರಬೇತಿಯಲ್ಲಿ ಅದನ್ನೇ ಕಲಿತವಳು. ಈಗ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ ಎನ್ನುತ್ತಾರೆ. ಅರುವತ್ತು ಕಿಲೋ ಇರುವವರಿಗೆ 72ರಿಂದ 90 ಗ್ರಾಂ.

ತಿಪಟೂರಿನವನು

ನಮ್ಮಣ್ಣನಿಗೂ ಸಿರೋಸಿಸ್, ಕುಡಿತದಿಂದ. ಈಗ ಬಿಟ್ಟಿದ್ದಾನೆ. ಉಪ್ಪಿನ ವಿಷಯದಲ್ಲಿ ನಮ್ಮ ಮನೆಯ ಅನುಭವ ಹೇಳುತ್ತೇನೆ. ರಾಗಿ ಮುದ್ದೆಗೆ ನಾವು ಉಪ್ಪು ಹಾಕುವುದೇ ಇಲ್ಲ, ಅದು ಅವನಿಗೆ ವರವಾಯಿತು. ಉಪ್ಪೆಲ್ಲ ಸಾರಿನಲ್ಲಿ. ಅವನ ಪಾಲಿನ ಬಸ್ಸಾರನ್ನು ಉಪ್ಪು ಹಾಕುವ ಮುನ್ನ ಬೇರೆ ಪಾತ್ರೆಗೆ ತೆಗೆದು, ಹುಳಿ, ಬೆಳ್ಳುಳ್ಳಿ, ಮೆಣಸು ಸ್ವಲ್ಪ ಮುಂದೆ ಮಾಡುತ್ತೇವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರ ಬನ್ನು ಇವು ಅಡುಗೆಮನೆಗೇ ಬರುವುದಿಲ್ಲ. ಹೊಟ್ಟೆ ಉಬ್ಬರಕ್ಕೆಂದು ನೀರಿಗೆ ಹಾಕಿ ಕುಡಿಯುವ ನೊರೆ ಪುಡಿಯಲ್ಲೂ ಸೋಡಿಯಂ ಇದೆ ಎಂದು ಔಷಧ ಅಂಗಡಿಯವರು ಹೇಳುವವರೆಗೂ ನಮಗೆ ಹೊಳೆದಿರಲಿಲ್ಲ.

ಇನ್ನು ಎಳನೀರು. ತೆಂಗಿನ ಸೀಮೆಯವನೇ ಬಾಯಿಬಿಟ್ಟು ಹೇಳುತ್ತಿದ್ದೇನೆ, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಕೇಳದೆ ಕೊಡಬೇಡಿ. ಆ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ, ಎಳನೀರಿನಲ್ಲಿ ಅದೇ ಹೇರಳ. ನಮ್ಮಣ್ಣನನ್ನು ನೋಡಲು ಬಂದವರೆಲ್ಲ ಒಂದೊಂದು ಗೊನೆ ತಂದರು. ಬೇಡ ಎಂದರೆ ಬೇಸರ. ಕೊನೆಗೆ ಬಂದವರಿಗೇ ಕೊಚ್ಚಿ ಕೊಟ್ಟು ಕಳುಹಿಸಿದೆವು.

ಔಷಧ ಅಂಗಡಿ, ಚಿಂತಾಮಣಿ

ಮಾರುಕಟ್ಟೆಯಲ್ಲಿ "ಕಡಿಮೆ ಸೋಡಿಯಂ ಉಪ್ಪು" ಸಿಗುತ್ತದೆ, ಅದನ್ನೂ ಇದೇ ಕಾರಣಕ್ಕೆ ಕೇಳದೆ ಬಳಸಬೇಡಿ. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ.

ಮುಳಬಾಗಿಲಿನ ಸೊಸೆ

ಮಾವನವರಿಗೆ ವಾಯು ಹೋಯಿತು! ಇಡೀ ವಾರ್ಡಿಗೆ ಕೇಳಿಸಿತು, ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಿಸ್ಟರ್ ಮಾತ್ರ ಓಡಿ ಬಂದು ಸಮಯ ಬರೆದುಕೊಂಡರು. ಟೊಮೆಟೊ ಬೆಲೆಯನ್ನೂ ಸರಿಯಾಗಿ ಹೇಳಿದರು, ಜೊತೆಗೆ ಮಂಡಿಯವರನ್ನು ನಾಲ್ಕು ಮಾತು ಬೈದರು. ಟ್ಯೂಬ್ ನಾಳೆ ತೆಗೆಯಬಹುದು ಎಂದಿದ್ದಾರೆ. ಆದರೆ ಗಾಯದ ಪಟ್ಟಿ ಒದ್ದೆಯಾಗಿದೆ. ರಕ್ತವಲ್ಲ, ತಿಳಿ ಹಳದಿ ನೀರು.

ರಾತ್ರಿ ಪಾಳಿ, ತುಮಕೂರು

ಸಂತೋಷ ಅಕ್ಕ. ಪಟ್ಟಿ ಒದ್ದೆಯಾದದ್ದನ್ನು ಈಗಲೇ ಹೇಳಿ, ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ. ಹೊಟ್ಟೆಯ ನೀರು ಹೊಲಿಗೆಯ ಸಂದಿನಿಂದ ಜಿನುಗುತ್ತಿರಬಹುದು. ನೀರು ಹೊರಗೆ ಬರುವ ದಾರಿಯಲ್ಲೇ ರೋಗಾಣು ಒಳಗೆ ಹೋಗುತ್ತದೆ. ಬಟ್ಟೆ ಒತ್ತಿಟ್ಟು ಮೇಲೆ ಪ್ಲಾಸ್ಟರ್ ಹಾಕಿ ಮುಚ್ಚುವ ಕೆಲಸ ನೀವು ಮಾಡಬೇಡಿ. ಎಷ್ಟು ಪಟ್ಟಿ ಒದ್ದೆಯಾಯಿತು ಎಂಬ ಲೆಕ್ಕ ಇಟ್ಟುಕೊಳ್ಳಿ. ಜ್ವರ, ಹೊಟ್ಟೆ ಮುಟ್ಟಿದರೆ ನೋವು, ಮತ್ತೆ ಮಂಪರು ಬಂದರೆ ಹೊಟ್ಟೆಯ ನೀರಿಗೇ ಸೋಂಕು ತಗುಲಿದೆಯೇ ಎಂದು ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಒಂದು ಘನ ಮಿಲಿಮೀಟರಿಗೆ 250 ಮೀರಿದರೆ ತಡಮಾಡದೆ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಲಿ.

ಶಿಡ್ಲಘಟ್ಟದ ಮಗಳು

ಊಟ ಯಾವಾಗ, ಹೇಗೆ ಶುರು ಮಾಡುತ್ತಾರೆ ಎಂಬುದರಲ್ಲಿ ನನಗೊಂದು ಗೊಂದಲವಿದೆ. ನಮ್ಮ ತಾಯಿಗೆ ನಾರು ಕಡಿಮೆ ಇರುವುದನ್ನು ಕೊಡಿ, ಸೊಪ್ಪು, ಕಾಳಿನ ಸಿಪ್ಪೆ, ಹಲಸು, ಕಿತ್ತಳೆಯ ನಾರು ಬೇಡ ಎಂದರು. ಲಿವರಿನವರಿಗೆ ಮಲ ಸಲೀಸಾಗಲು ನಾರು ಬೇಕು ಎನ್ನುತ್ತಾರೆ. ಎರಡೂ ಇರುವವರು ಏನು ತಿನ್ನಬೇಕು?

ಹಳೆಯ ಶುಶ್ರೂಷಕಿ, ಕೋಲಾರ

ಅಡಚಣೆ ಯಾಕೆ ಬಂತು ಎಂಬುದರ ಮೇಲೆ ಹೋಗುತ್ತದೆ. ನಿಮ್ಮ ತಾಯಿಯ ಹೊಟ್ಟೆಯಲ್ಲಿ ಅಂಟು ಹಾಗೆಯೇ ಇದೆ, ಕಿರಿದಾದ ಕಡೆ ನಾರು ಸಿಕ್ಕಿಕೊಳ್ಳಬಹುದು, ಆ ಪಥ್ಯ ಅವರಿಗೆ ಸರಿ. ಇವರ ಕರುಳಿನಲ್ಲಿ ಕಿರಿದಾದ ಜಾಗವೇ ಇಲ್ಲ, ಹೊರಗೆ ಸಿಕ್ಕಿಕೊಂಡಿತ್ತು, ಬಿಡಿಸಿದರು. ಆರಂಭದಲ್ಲಿ ಗುಟುಕು ನೀರು, ಆಮೇಲೆ ತಿಳಿ, ಆಮೇಲೆ ಮೆತ್ತನೆಯ ಅನ್ನ, ನುಣ್ಣಗೆ ಬೆಂದ ಹೆಸರುಬೇಳೆ. ಗಾಯ ಮಾಗಿದ ಮೇಲೆ ಮುದ್ದೆ, ಹುರುಳಿಯ ಕಟ್ಟು, ಹಿಸುಕಿದ ಅವರೆ ಎಲ್ಲವೂ ಆಗುತ್ತದೆ. ಒಮ್ಮೆಗೇ ತಟ್ಟೆ ತುಂಬ ಬೇಡ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಮಲಗುವ ಮುನ್ನ ಒಂದು ತಿನಿಸು ಇರಲೇಬೇಕು. ರಾತ್ರಿ ಎಂಟಕ್ಕೆ ಊಟ ಮಾಡಿ ಬೆಳಿಗ್ಗೆ ಒಂಬತ್ತರವರೆಗೆ ಖಾಲಿ ಇದ್ದರೆ ಲಿವರ್ ರೋಗಿಯ ಮೈ ತನ್ನ ಮಾಂಸಖಂಡವನ್ನೇ ತಿನ್ನುತ್ತದೆ. ಹಾಲು ಹಾಕಿದ ರಾಗಿ ಗಂಜಿ ಸಾಕು. ಶಿಡ್ಲಘಟ್ಟದ ನಿಮ್ಮ ದೊಡ್ಡಪ್ಪನ ಗಂಜಿಗೆ ಕಾಲ ಅಲ್ಲಿ ಬರುತ್ತದೆ.

ಸೊಸೆ, ಮನೆಗೆ ಹೋದ ಮೇಲೆ ಮಾಡಬೇಕಾದದ್ದನ್ನು ಈಗಲೇ ಬರೆದುಕೋ. ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ಪಂಚೆಯಲ್ಲಿ ತೂಕ. ಟೇಪು ಹಿಡಿದು ಹೊಟ್ಟೆಯ ಸುತ್ತಳತೆ. ಟೇಪು ಎಲ್ಲಿ ಹಾಯುತ್ತದೆಯೋ ಅಲ್ಲಿ ಎರಡೂ ಪಕ್ಕೆಯಲ್ಲಿ ಪೆನ್ನಿನಿಂದ ಗುರುತು ಹಾಕು, ಇಲ್ಲದಿದ್ದರೆ ದಿನಕ್ಕೊಂದು ಅಳತೆ ಬರುತ್ತದೆ. ನೀರಿನ ಮಾತ್ರೆ ಮತ್ತೆ ಶುರುವಾದ ಮೇಲೆ ಕಾಲಿನಲ್ಲಿ ಬಾವು ಇಲ್ಲದಿದ್ದರೆ ತೂಕ ದಿನಕ್ಕೆ ಅರ್ಧ ಕಿಲೋ ಮೀರಿ ಇಳಿಯಬಾರದು, ಬಾವು ಇದ್ದರೆ ಒಂದು ಕಿಲೋ. ಬೇಗ ಇಳಿದರೆ ಸಂತೋಷಪಡಬೇಡ, ಮೂತ್ರಪಿಂಡಕ್ಕೆ ಪೆಟ್ಟು. ತುರಿಕೆಗೆ ಉಗುರು ಕತ್ತರಿಸು, ಬಿಸಿನೀರಿನ ಸ್ನಾನ ಬೇಡ, ಉಗುರುಬೆಚ್ಚಗಿರಲಿ. ವೃಷಣದ ಚೀಲದಲ್ಲಿ ಬಾವು ಬಂದರೆ ಗಂಡಸರು ಹೇಳಿಕೊಳ್ಳುವುದಿಲ್ಲ, ನಿನ್ನ ಯಜಮಾನರು ನೋಡಲಿ, ಮಡಿಸಿದ ಬಟ್ಟೆಯ ಆಸರೆ ಕೊಡಲಿ. ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ವಾಸನೆ ಬಂದರೆ ಆಸ್ಪತ್ರೆಗೆ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಅಂಟು ಇರುವುದಿಲ್ಲ. ಅನುಮಾನವಿದ್ದರೆ ನೀನು ತೀರ್ಮಾನಿಸಬೇಡ.

ಲ್ಯಾಕ್ಟುಲೋಸ್ ಮತ್ತೆ ಕೊಟ್ಟರೆ, ಎರಡು ಮೂರು ಸಲ ಮೆತ್ತಗೆ ಹೋಗುವಷ್ಟು. ಆರು ಏಳು ಸಲ ನೀರಾಗಿ ಹೋದರೆ ಅದೂ ಮಂಪರು ತರುತ್ತದೆ. ಮುಂದೆ ಎಂದಾದರೂ ಮಲ ನಿಂತರೆ ಸೀಸೆಗೆ ಕೈ ಹಾಕುವ ಮುನ್ನ ವಾಯು, ವಾಂತಿ, ಗಂಟು, ಈ ಮೂರನ್ನು ನೋಡು. ಮೂರೂ ಸರಿಯಿದ್ದರೆ ಅದು ಬರಿಯ ಮಲಬದ್ಧತೆ ಇರಬಹುದು, ಫೋನಿನಲ್ಲಿ ಕೇಳಿ ಸಿರಪ್ ಏರಿಸಬಹುದು. ಒಂದು ಕೆಟ್ಟಿದ್ದರೂ ಬಾಯಿಗೆ ಏನೂ ಇಲ್ಲ, ನೇರ ಆಸ್ಪತ್ರೆ.

ಗುಡಿಬಂಡೆ ಮೇಷ್ಟ್ರು

ಆ ಕೊನೆಯ ಮಾತನ್ನು ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ, ಅನುಮತಿ ಇದೆಯೇ? ಸೋದರಮಾವನ ರಸದ ಬಗ್ಗೆ ನಮ್ಮ ಜಗಳ ಬೇರೆ ದಿನಕ್ಕಿರಲಿ.

ಹಳೆಯ ಶುಶ್ರೂಷಕಿ, ಕೋಲಾರ

ಧಾರಾಳವಾಗಿ ಹೇಳಿ. ಜಗಳವೂ ಇರಲಿ.

ಮುಳಬಾಗಿಲಿನ ಸೊಸೆ

ಪಟ್ಟಿ ಬಿಚ್ಚಿ ನೋಡಿದರು, ಇನ್ನೊಂದು ಹೊಲಿಗೆ ಹಾಕಿ, ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಡ್ರಿಪ್ ಕೊಟ್ಟರು. ಜಿನುಗುವುದು ನಿಂತಿದೆ. ಒಂದು ಪ್ರಶ್ನೆ ಉಳಿದಿದೆ. ಮಾವನವರದು ಹೆಪಟೈಟಿಸ್ ಬಿ. ಅತ್ತೆ ಅವರ ತಟ್ಟೆ ಲೋಟ ಬೇರೆ ಮಾಡಿದ್ದಾರೆ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಮಕ್ಕಳಿಗೆ ಹುಟ್ಟಿದಾಗ ಲಸಿಕೆ ಆಗಿದೆ. ನಮಗೆ ಯಾರಿಗೂ ಇಲ್ಲ.

ರಾತ್ರಿ ಪಾಳಿ, ತುಮಕೂರು

ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ ಅಕ್ಕ. ಜೊತೆಗೆ ಊಟ ಮಾಡಿದರೆ, ಮಕ್ಕಳು ತೊಡೆಯ ಮೇಲೆ ಕೂತರೆ ಬರುವುದಿಲ್ಲ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಬೇರೆ ಮಾಡಬೇಕಾದದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ಗಾಯದ ಪಟ್ಟಿ ಮುಟ್ಟುವಾಗ ಕೈಗವಸು ಹಾಕಿ. ಅತ್ತೆಯವರು, ನಿಮ್ಮ ಯಜಮಾನರು, ಅವರ ಒಡಹುಟ್ಟಿದವರು, ನೀವು, ಎಲ್ಲರೂ ಒಂದು ರಕ್ತಪರೀಕ್ಷೆ ಮಾಡಿಸಿ. ಸೋಂಕು ಇಲ್ಲದವರಿಗೆ ಮೂರು ಡೋಸ್ ಲಸಿಕೆ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಸೋಂಕು ಇದ್ದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಮಾವನವರ ವೈರಸ್ ಮಾತ್ರೆ ಈ ಗಲಾಟೆಯಲ್ಲಿ ನಿಂತುಹೋಗಿದ್ದರೆ ಇವತ್ತೇ ಡಾಕ್ಟರಿಗೆ ನೆನಪಿಸಿ, ಅದನ್ನು ತಾವಾಗಿ ನಿಲ್ಲಿಸಿದರೆ ಸೋಂಕು ಒಮ್ಮೆಗೇ ಉಲ್ಬಣಿಸಬಹುದು.

ಮುಳಬಾಗಿಲಿನ ಸೊಸೆ

ಹೌದು, ನಿಂತುಹೋಗಿದೆ. ಟ್ಯೂಬ್ ಇದ್ದುದರಿಂದ ಯಾರೂ ಕೇಳಿರಲಿಲ್ಲ. ಈಗಲೇ ಹಾಳೆ ಹಿಡಿದು ಡ್ಯೂಟಿ ರೂಮಿಗೆ ಹೋಗುತ್ತಿದ್ದೇನೆ.